ನೆಲ ಕಚ್ಚಿದ ಬಾಗಿಲು

"ಒತ್ತಬೇಡ! ಡೇಲ್, ಕೈ ತೆಗಿ ಅಲ್ಲಿಂದ!"

ಅತ್ತೆ ಲೆಂಪಿಯ ಗಂಟಲಲ್ಲಿ ಅಂಥ ದನಿ ಇದೆಯೆಂದು ಡೇಲ್‌ಗೆ ಗೊತ್ತಿರಲಿಲ್ಲ. ಗ್ಯಾರೇಜಿನ ಬಾಗಿಲನ್ನು ಮೇಲೆತ್ತುವ ಗುಂಡಿಯ ಮೇಲಿದ್ದ ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಮೇಲೆ ಮೋಟಾರು ಗೊರಗುಟ್ಟಿ ಸುಮ್ಮನಾಯಿತು. ಬಾಗಿಲು ಕೂದಲೆಳೆಯಷ್ಟೂ ಎದ್ದಿರಲಿಲ್ಲ.

"ಹನ್ನೊಂದಕ್ಕೆ ಚರ್ಚಲ್ಲಿರಬೇಕು ಅತ್ತೆ. ಮಾವನ ಮಣ್ಣಿಗೆ ನಾವೇ ತಡ ಮಾಡೋದಾ?"

"ಆದ್ರೆ ಆಗ್ಲಿ. ಕೆಳಗಿನ ರಬ್ಬರು ನೆಲಕ್ಕೆ ಹೆಪ್ಪುಗಟ್ಟಿದೆ. ಎಳೆದ್ರೆ ಮೇಲಿನ ಸ್ಪ್ರಿಂಗು..."

ಲೆಂಪಿ ತಲೆಯೆತ್ತಿ ಬಾಗಿಲ ಮೇಲಿನ ಸ್ಪ್ರಿಂಗನ್ನು ನೋಡಿದಳು.

*

ಹನ್ನೆರಡು ಚಳಿಗಾಲಗಳ ಹಿಂದೆ ಬಾಗಿಲಿನ ಭಾರ ಹೊತ್ತಿದ್ದ ಹಳೇ ಸ್ಪ್ರಿಂಗು ಬಂದೂಕಿನಂತೆ ಸಿಡಿದಿತ್ತು. ಒಂದು ತುಂಡು ಲೆಂಪಿಯ ಗಂಡ ರೇನೊನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ನಾಟಿತ್ತು. ಮೂವತ್ತನಾಲ್ಕು ವರ್ಷ ಮಂಜಿನ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸಿದವನು ಅಂದು ನೆಲದ ಮೇಲೆ ಕೂತುಬಿಟ್ಟಿದ್ದ.

ಅಂದಿನಿಂದ ಪ್ರತಿ ಅಕ್ಟೋಬರಿನಲ್ಲೂ ಅವನೇ ಬಾಗಿಲನ್ನು ಚಳಿಗೆ ಸಜ್ಜು ಮಾಡುತ್ತಿದ್ದ. ಸ್ಪ್ರಿಂಗಿಗೆ, ಗಾಲಿಗಳಿಗೆ ಎಣ್ಣೆ. ಅಂಚಿನ ರಬ್ಬರಿಗೆ ಹೆಪ್ಪು ಹಿಡಿಯದಂತೆ ಸಿಲಿಕೋನಿನ ಲೇಪ. ಬೀದಿಯವರ ಬಾಗಿಲುಗಳನ್ನೂ ಬಿಡುತ್ತಿರಲಿಲ್ಲ. ಏಣಿ ಹತ್ತುವ ಮುಂಚೆ ಮಾತ್ರ ಹಿತ್ತಿಲಿಗೆ ಹೋಗಿ ವಾಂತಿ ಮಾಡಿ ಬರುತ್ತಿದ್ದ. ಅದು ಲೆಂಪಿಯೊಬ್ಬಳಿಗೇ ಗೊತ್ತು.

ಈ ಸಲ ಹೃದಯ ಕೈಕೊಟ್ಟು ಹಾಸಿಗೆ ಹಿಡಿದಿದ್ದ.

"ಬಾಗಿಲು ಹಾಗೇ ಇದೆಯಲ್ಲೇ."

"ಆಯ್ತು ಮಾರಾಯ, ನಿನ್ನೆ ಒಬ್ಬ ಬಂದು ಎಲ್ಲಾ ಮಾಡಿಹೋದ. ಮಲಗು ನೀನು."

ರೇನೊ ಅಂದು ಮಗುವಿನಂತೆ ನಿದ್ದೆಹೋದ. ಬಂದವರು ಯಾರೂ ಇರಲಿಲ್ಲ.

*

ಲೆಂಪಿ ಕಪ್ಪು ಉಡುಪಿನಲ್ಲೇ ಮಂಡಿಯೂರಿ, ಕೂದಲು ಒಣಗಿಸುವ ಯಂತ್ರ ಹಿಡಿದು ಅಂಚಿನ ಮಂಜನ್ನು ಕರಗಿಸತೊಡಗಿದಳು. ಪಕ್ಕದ ಮನೆಯ ವರ್ನಾ ತನ್ನದನ್ನೂ ತಂದು ಜೊತೆಗೆ ಕೂತಳು.

"ನಿನ್ನ ಗಂಡನಿಗೆ ಹೆದರಿಕೆ ಅನ್ನೋದೇ ಇರ್ಲಿಲ್ಲ ಬಿಡು. ನಮ್ಮನೆ ಏಣಿ ಮೇಲೆ ಹಾಡ್ತಾ ಇರ್ತಿದ್ದ."

"ಹೆದರಿದಾಗಲೇ ವರ್ನಾ ಅವನು ಹಾಡ್ತಿದ್ದಿದ್ದು."

ರಬ್ಬರು ಪಟಪಟನೆ ಬಿಟ್ಟುಕೊಂಡಿತು. ಡೇಲ್ ಮೋಟಾರಿನ ಕೊಂಡಿ ಬಿಡಿಸಿ, ಬಗ್ಗಿ, ಬಾಗಿಲನ್ನು ಕೈಯಿಂದಲೇ ಎತ್ತಿದ. ಸೊಂಟದೆತ್ತರಕ್ಕೆ ಬಂತು. ಎದೆಯೆತ್ತರಕ್ಕೆ ಬಂತು. ಹೊರಗಿನ ಮೈನಸ್ ಮೂವತ್ತೊಂದು ಡಿಗ್ರಿಯ ಗಾಳಿ ಒಳನುಗ್ಗಿತು. ಅವನು ಒಂದು ಕಾಲನ್ನು ಹೊರಗಿಟ್ಟ.

ಢಮ್! ತಲೆಯ ಮೇಲೆ ಸ್ಪ್ರಿಂಗು ಸಿಡಿಯಿತು.

ಲೆಂಪಿ ಅವನ ಕೋಟನ್ನು ಹಿಂದಿನಿಂದ ಯಾವಾಗ ಹಿಡಿದಳೋ, ಎಪ್ಪತ್ತೆಂಟರ ಆ ತೋಳಿಗೆ ಎಲ್ಲಿಂದ ಬಲ ಬಂತೋ. ಇಬ್ಬರೂ ಕಾರಿನ ಮೂತಿಯ ಮೇಲೆ ಬಿದ್ದರು. ಅವನು ನಿಂತಿದ್ದ ಜಾಗಕ್ಕೇ ಬಾಗಿಲು ಅಪ್ಪಳಿಸಿತು.

*

ವರ್ನಾಳ ಕಾರಿನಲ್ಲಿ ಚರ್ಚು ತಲುಪುವಷ್ಟರಲ್ಲಿ ಹನ್ನೊಂದೂಕಾಲು. ಹೂವಿನ ನಡುವೆ ರೇನೊ ಗಡ್ಡ ಹೆರೆಸಿಕೊಂಡು, ಯಾವ ಚಿಂತೆಯೂ ಇಲ್ಲದವನಂತೆ ಮಲಗಿದ್ದ. ಲೆಂಪಿ ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು: "ಯಾರೂ ಬಂದಿರ್ಲಿಲ್ಲ ಕಣೋ. ಸುಳ್ಳು ಹೇಳಿದ್ದೆ."

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಏಲಕ್ಕಿ ಬ್ರೆಡ್ಡು, ಕಾಫಿ. ಜನ ಒಬ್ಬೊಬ್ಬರಾಗಿ ಬಂದು, ರೇನೊ ತಮ್ಮ ಬಾಗಿಲಿಗೆ ಎಣ್ಣೆ ಹಾಕಿದ್ದನ್ನು ನೆನೆದರು. ಡೇಲ್ ಅತ್ತೆಯ ಎದುರು ಬಂದು ಕೂತ. ಅವನ ಕೈಯಲ್ಲಿದ್ದ ಕಾಫಿ ಕಪ್ಪು ಸಾಸರಿನ ಮೇಲೆ ಕಟಕಟ ಎನ್ನುತ್ತಿತ್ತು. ನಿಲ್ಲಿಸೋಣವೆಂದು ಲೆಂಪಿ ಅದರ ಮೇಲೆ ತನ್ನ ಕೈಯಿಟ್ಟಳು. ಸದ್ದು ಇನ್ನೂ ಜೋರಾಯಿತು. ಬಿಳಿ ಮೇಜುಬಟ್ಟೆಯ ಮೇಲೆ ಕಾಫಿ ಹರಡುತ್ತಾ ಹೋಯಿತು. ಇಬ್ಬರಲ್ಲಿ ಯಾರೂ ಕೈ ತೆಗೆಯಲಿಲ್ಲ.