ಬೆವರುವ ಗಡಿಗೆ

ನಾನು ಒಂದು ಮಣ್ಣಿನ ಗಡಿಗೆ. ಕೊಪ್ಪಳದ ಕಡೆಯ ಒಂದು ಕೆರೆಯಂಗಳದಲ್ಲಿ ಬರೀ ಮಣ್ಣಾಗಿದ್ದ ನನ್ನನ್ನು ಕುಂಬಾರ ಮಲ್ಲೇಶಪ್ಪ ಅಗೆದು ತಂದ, ನೆನೆಸಿದ, ತುಳಿದ, ತಿಗರಿಗೆ ಹಾಕಿ ತಿರುಗಿಸಿದ. ಅವನ ಹೆಂಡತಿ ತಟ್ಟಿ ತಟ್ಟಿ ನನ್ನ ಹೊಟ್ಟೆಯನ್ನು ದುಂಡಗೆ ಮಾಡಿದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆದರೆ ಸುಡುವಾಗ ನಾನು ಆವಿಗೆಯ ಅಂಚಿನಲ್ಲಿದ್ದೆ, ಬೆಂಕಿ ನನ್ನವರೆಗೆ ಚೆನ್ನಾಗಿ ಬರಲಿಲ್ಲ. ನೀರು ತುಂಬಿ ನೋಡಿದಾಗ ಮೈಯೆಲ್ಲ ಒದ್ದೆ.

"ಇದು ಬಾಳ ಬೆವರತೈತಿ. ಮುಂಜಾನೆ ತುಂಬಿದ್ರ ಸಂಜೀಗೆ ಅರ್ಧಾನೂ ಇರಂಗಿಲ್ಲ" ಎಂದು ಮಲ್ಲೇಶಪ್ಪ ನನ್ನನ್ನು ಮೂಲೆಗೆ ಸರಿಸಿದ. ನನ್ನಲ್ಲಿ ಏನೋ ಕೊರತೆಯಿದೆ ಎಂಬುದು ನಾನು ಈ ಲೋಕದಲ್ಲಿ ಕಲಿತ ಮೊದಲ ಪಾಠ.

ಒಂದು ದಿನ ಏಳು ತಿಂಗಳ ಬಸುರಿಯೊಬ್ಬಳು ಗಂಡನ ಜೊತೆ ಬಂದಳು. ಅವಳ ಹೆಸರು ಹುಲಿಗೆಮ್ಮ. ಗಂಡ ಯಮನೂರಪ್ಪ, ಪಂಕ್ಚರ್ ಅಂಗಡಿಯವನು.

"ಯಣ್ಣಾ, ಬೆವರೋ ಗಡಿಗಿ ಯಾವುದೈತಿ?"

ಮಲ್ಲೇಶಪ್ಪ ನಕ್ಕುಬಿಟ್ಟ. "ಎಲ್ಲಾರೂ ಸೋರಲಾರದ್ದು ಕೇಳ್ತಾರವಾ. ಬೆವರೋದು ಕೇಳಿದಾಕಿ ನೀ ಒಬ್ಬಾಕಿ ನೋಡು."

"ನನಗ ಅದ ಬೇಕ್ರಿ."

ಅವಳು ನನ್ನ ಮೈಗೆ ಕೆನ್ನೆಯಿಟ್ಟು ನೋಡಿದಳು. ಅಷ್ಟು ಹತ್ತಿರದಿಂದ ನಾನು ಮನುಷ್ಯರ ಮುಖ ನೋಡಿದ್ದು ಅದೇ ಮೊದಲು.

ಮನೆಗೆ ಒಯ್ದ ಮೇಲೆ ಅವಳು ಮಾಡಿದ್ದೆಲ್ಲ ವಿಚಿತ್ರವೇ. ನನ್ನೊಳಗೆ ಉಸುಕು ತುಂಬಿದಳು. ಉಸುಕಿನ ನಡುವೆ ಒಂದು ಪುಟ್ಟ ಕುಡಿಕೆ ಇಟ್ಟಳು. ಕುಡಿಕೆಯೊಳಗೆ ಹೆಬ್ಬೆರಳಿನಷ್ಟೇ ಇರುವ ಗಾಜಿನ ಬಾಟಲಿ. ಮೇಲೆ ಹಸಿ ಬಟ್ಟೆ ಮುಚ್ಚಿ, ಉಸುಕಿಗೆ ಒಂದು ಚೊಂಬು ನೀರು. ನನಗೆ ಕುತೂಹಲ ತಡೆಯಲಾಗಲಿಲ್ಲ. ನೀರಲ್ಲ, ಹಾಲಲ್ಲ, ತುಪ್ಪವಲ್ಲ. ಇಷ್ಟು ಚೂರಿಗೆ ಇಷ್ಟು ದೊಡ್ಡ ಕಾವಲೇ?

ಕಿವಿಗೆ ಬಿದ್ದದ್ದನ್ನು ಕೂಡಿಸಿ ತಿಳಿದುಕೊಂಡೆ. ಹುಲಿಗೆಮ್ಮನಿಗೆ ಹನ್ನೆರಡನೆಯ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ಬಾಟಲಿಯಲ್ಲಿದ್ದದ್ದು ಇನ್ಸುಲಿನ್. ದಿನಕ್ಕೆ ನಾಲ್ಕು ಸಲ ಅದನ್ನು ಚುಚ್ಚಿಕೊಳ್ಳದಿದ್ದರೆ ಅವಳು ಉಳಿಯುವುದಿಲ್ಲ, ಅವಳ ಹೊಟ್ಟೆಯಲ್ಲಿದ್ದದ್ದೂ ಉಳಿಯುವುದಿಲ್ಲ. ಆ ಔಷಧ ಬಿಸಿಯಾದರೆ ಕೆಡುತ್ತದೆ. ತಗಡಿನ ಮನೆ, ಫ್ರಿಜ್ ಇಲ್ಲ. ಹಾಗಾಗಿ ಆಸ್ಪತ್ರೆಯ ನರ್ಸಮ್ಮ ಈ ಉಪಾಯ ಹೇಳಿಕೊಟ್ಟಿದ್ದರು. ನಾನು ಬೆವರಿದಷ್ಟೂ ಒಳಗೆ ತಂಪು. ನನ್ನ ಕೊರತೆಯೇ ನನ್ನ ಕೆಲಸವಾಯಿತು. ಆದರೂ ಸಾಕಷ್ಟು ಬೆವರುತ್ತಿದ್ದೇನೆಯೇ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ.

ಹೆರಿಗೆಗೆ ತವರಿಗೆ ಹೊರಟಾಗ ಅವಳು ಬಸ್ಸಿನಲ್ಲಿ ನನ್ನನ್ನು ಕಾಲ ಸಂದಿಯಲ್ಲಿ ಹಿಡಿದು ಕುಳಿತಿದ್ದಳು. ಅವಳ ಸೀರೆಯ ನೆರಿಗೆಯೆಲ್ಲ ತೊಯ್ದು ಹೋಯಿತು.

"ಅಕ್ಕಾ, ನಿಮ್ಮ ತವರೂರಾಗ ಗಡಿಗಿ ಸಿಗಂಗಿಲ್ಲೇನು?" ಎಂದ ಕಂಡಕ್ಟರ್.

"ಸಿಗತಾವ. ಇಂಥಾದ್ದು ಸಿಗಂಗಿಲ್ಲ."

ಆ ಒಂದು ಮಾತಿಗೆ ನಾನು ಊರು ಮುಟ್ಟುವತನಕ ಬೆವರಿದೆ.

ಆಸ್ಪತ್ರೆಗೆ ನನ್ನನ್ನು ಒಯ್ಯಲಿಲ್ಲ. ಹೆಣ್ಣು ಕೂಸು ಎಂದೂ, ಅದರ ಹಿಮ್ಮಡಿಗೂ ಸೂಜಿ ಚುಚ್ಚಿ ಸಕ್ಕರೆ ನೋಡಿದರೆಂದೂ, ಎಲ್ಲ ಸರಿಯಿದೆಯೆಂದೂ ಆಮೇಲೆ ಕೇಳಿದೆ.

ತಾಯಿ, ಕೂಸು ಮನೆಗೆ ಬಂದ ಮೇಲೆ ಬಾಣಂತಿ ಕೋಣೆ ಸಿದ್ಧವಾಯಿತು. ಕಿಟಕಿಗೆ ಹಳೆ ಸೀರೆ ತುರುಕಿ ಗಾಳಿ ಕಟ್ಟಿದರು. ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ. ಹುಲಿಗೆಮ್ಮನ ತಾಯಿ ತಿಪ್ಪವ್ವ ಒಬ್ಬಳೇ ಎಲ್ಲ ನಿಭಾಯಿಸಿದಳು. ಅಂಟಿನ ಉಂಡೆಯನ್ನೂ ಕಟ್ಟಿದಳು. ಬೆಲ್ಲ ಹಾಕಿದ್ದು ಬಂದವರಿಗೆ, ಬೆಲ್ಲವಿಲ್ಲದ್ದು ಮಗಳಿಗೆ. ನನ್ನನ್ನು ಹೊರಸಿನ ತಲೆದೆಸೆಯಲ್ಲಿ ಇಟ್ಟಿದ್ದರು. ತಿಪ್ಪವ್ವ ನನ್ನ ಒದ್ದೆ ಮೈ ನೋಡಿ ಹುಬ್ಬು ಗಂಟಿಕ್ಕಿದಳು. ಬಾಣಂತಿಯ ತಲೆಯ ಹತ್ತಿರ ಥಂಡಿ!

ಅವಳು ಯಾರಿಗೂ ಏನೂ ಹೇಳಲಿಲ್ಲ. ಬಾಟಲಿ ತೆಗೆದುಕೊಡುವ, ಉಸುಕಿಗೆ ನೀರು ಹಾಕುವ ಕೆಲಸ ಅವಳದೇ ಆಗಿತ್ತು; ನೀರು ಹಾಕುವುದನ್ನು ನಿಲ್ಲಿಸಿದಳು. ಬೇಗ ಒಣಗಲಿ ಎಂದು ನನ್ನನ್ನು ಕೆಂಡದ ಕಡೆಗೆ ಸರಿಸಿದಳು. ಮೂರನೆಯ ದಿನ ನನ್ನ ಮೈ ಪೂರ್ತಿ ಆರಿತು. ಅವಳು ಸೆರಗಿನಿಂದ ಒರೆಸಿ, "ಈಗ ಚೊಲೋ ಆತು" ಎಂದಳು. ಕೊನೆಗೂ ನಾನು ಬೆವರದ, ಒಳ್ಳೆಯ ಗಡಿಗೆಯಾದೆ ಎಂದು ಖುಷಿಪಟ್ಟೆ. ಆ ಖುಷಿಗಾಗಿ ಇಂದಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಹುಲಿಗೆಮ್ಮ ಬೆರಳಿಗೆ ಚುಚ್ಚಿ ಯಂತ್ರದಲ್ಲಿ ನೋಡಿದಾಗ ಸಕ್ಕರೆ ಇನ್ನೂರ ತೊಂಬತ್ತು. ಫೋನಿನಲ್ಲಿ ಡಾಕ್ಟರನ್ನು ಕೇಳಿ ಔಷಧ ಹೆಚ್ಚಿಗೆ ತೆಗೆದುಕೊಂಡಳು. ಮರುದಿನ ಮುನ್ನೂರ ಎಂಬತ್ತು. ನಾಲಿಗೆ ಒಣಗುತ್ತಿತ್ತು. ಕೂಸು ಹಾಲಿಗೆ ಅಳುತ್ತಿತ್ತು, ಎತ್ತಿಕೊಳ್ಳಲು ಇವಳಿಗೆ ತೋಳು ಏಳುತ್ತಿರಲಿಲ್ಲ.

ತಿಪ್ಪವ್ವ ಉಂಡೆಯ ಡಬ್ಬಿ ತೆರೆದು ನೋಡಿದಳು. "ಬೆಲ್ಲದ ಉಂಡಿ ಎರಡು ಕಡಿಮಿ ಅದಾವ."

"ನಾ ಮುಟ್ಟಿಲ್ಲಬೇ. ಕೂಸಿನ ಆಣಿ."

"ಕೂಸಿನ ಮ್ಯಾಲೆ ಆಣಿ ಮಾಡ್ತೀಯಾ? ಸಣ್ಣಾಕಿ ಇದ್ದಾಗಿಂದ ನೋಡೀನಿ, ಕದ್ದು ತಿನ್ನೋದು ಬಿಟ್ಟಿಲ್ಲ ನೀ. ತಿಂದಿದ್ರ ತಿಂದೀನಿ ಅನ್ನು."

ಹುಲಿಗೆಮ್ಮ ಗೋಡೆಯ ಕಡೆ ಹೊರಳಿದಳು. ಉಂಡೆ ತಿಂದದ್ದು ಯಾರೆಂದು ನನಗೆ ಗೊತ್ತಿತ್ತು. ಕೂಸನ್ನು ನೋಡಲು ಬಂದಿದ್ದ ಯಮನೂರಪ್ಪ ಕೋಣೆಯ ಬಾಗಿಲಲ್ಲೇ ನಿಂತು ಎರಡನ್ನೂ ಬಾಯಿಗೆ ಹಾಕಿಕೊಂಡಿದ್ದ. ಇಷ್ಟಗಲ ಬಾಯಿದ್ದೂ ನನಗೆ ಮಾತಿಲ್ಲ.

ಮಧ್ಯಾಹ್ನ ಅವಳಿಗೆ ವಾಂತಿ ಶುರುವಾಯಿತು. ಮತ್ತೊಮ್ಮೆ ಚುಚ್ಚಿಕೊಳ್ಳಲೆಂದು ತಾನೇ ಬಾಟಲಿಗೆ ಕೈ ಹಾಕಿದಾಗ ಅವಳ ಬೆರಳು ಉಸುಕಿಗೆ ತಾಗಿತು. ಒಂದು ಹಿಡಿ ಉಸುಕು ಎತ್ತಿದಳು. ಅದು ಬೆಚ್ಚಗೆ, ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಉದುರಿತು.

"ಯವ್ವಾ, ಇದನ್ನ ಮುಟ್ಟಿ ನೋಡು."

ತಿಪ್ಪವ್ವ ಮುಟ್ಟಿದಳು. "ಒಣಗೇತಿ."

"ಯಾವತ್ತಿನಿಂದ?"

"ಐದ್ ದಿನಾತು. ನಿನಗ ಥಂಡಿ ಹಿಡಿದೀತು ಅಂತ ನಾನ ನೀರು ಹಾಕೋದು ಬಿಟ್ಟೆ."

"ಔಷಧ ಕೆಟ್ಟು ಹೋಗೇತಿಬೇ. ಬರೇ ನೀರು ಚುಚ್ಚಿಕೊಳ್ಳಾಕತ್ತೀನಿ ನಾನು."

ತಿಪ್ಪವ್ವನ ಮುಖ ನಾನು ಕೆಳಗಿನಿಂದ ನೋಡಿದೆ. ಅದು ನನ್ನ ಮುಖವೇ ಆಗಿತ್ತು: ಒಳ್ಳೆಯದು ಮಾಡಿದೆ ಎಂದುಕೊಂಡು ಕೆಡಿಸಿದವರ ಮುಖ. ಕೂಸನ್ನು ಮಡಿಲಿಗೆ ಕಟ್ಟಿಕೊಂಡು, ಮಗಳನ್ನು ಹೆಗಲಿಗೆ ಹಾಕಿಕೊಂಡು ಆಟೋ ಹತ್ತಿಸಿದಳು.

ಮೂರು ದಿನ ಮನೆಗೆ ಬೀಗ. ಕೆಂಡ ಆರಿತು. ಅವಳು ಬದುಕಿದ್ದಾಳೋ ಇಲ್ಲವೋ ಎಂದು ಹೇಳುವವರೂ ಇರಲಿಲ್ಲ. ಚೆನ್ನಾಗಿ ಬೆಂದ ಗಡಿಗೆ ನನ್ನ ಜಾಗದಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ಕುಳಿತಿದ್ದೆ.

ನಾಲ್ಕನೆಯ ದಿನ ಬೀಗ ತೆರೆದಾಗ ಮೊದಲು ಕೇಳಿದ್ದು ಕೂಸಿನ ಅಳು. ಅದರ ಹಿಂದೆಯೇ ಹುಲಿಗೆಮ್ಮನ ದನಿ: "ಬಂದೆ, ಬಂದೆ, ತಡಿ ನನ್ನವ್ವಾ."

ತಿಪ್ಪವ್ವ ಸೀರೆಯ ಧೂಳೂ ಕೊಡವದೆ ಬಂದು ನನ್ನನ್ನು ಎತ್ತಿ, ಪಡಸಾಲೆಯ ನೆರಳಲ್ಲಿ ಗಾಳಿ ಆಡುವ ಕಡೆ ಇಟ್ಟಳು. ಉಸುಕು ನೆನೆಯುವವರೆಗೆ ನೀರು ಹೊಯ್ದು, ಕುಡಿಕೆಯಲ್ಲಿ ಹೊಸ ಬಾಟಲಿ ಇಟ್ಟಳು. ಆಮೇಲೆ ಬಗ್ಗಿ ನನ್ನ ಮೈಗೆ ಕೆನ್ನೆಯಿಟ್ಟಳು. "ತಂಪೈತಿ ಮಗಳ" ಎಂದು ಕೂಗಿ ಹೇಳಿದಳು. ಅಲ್ಲಿಂದ ಮುಂಜಾನೆ, ಸಂಜೆ ಎರಡೂ ಹೊತ್ತು ಅದೇ ಕೂಗು, ಯಾರೂ ಕೇಳದಿದ್ದರೂ.

ಹಾಲೂಡುವಾಗ ಕೆಲವೊಮ್ಮೆ ಹುಲಿಗೆಮ್ಮನ ಸಕ್ಕರೆ ತೀರ ಇಳಿದು ಕೈ ನಡುಗುತ್ತಿತ್ತು. ಆಗ ತಿಪ್ಪವ್ವ ತಾನೇ ಬೆಲ್ಲದ ಉಂಡೆ ಮುರಿದು ಅವಳ ಬಾಯಿಗಿಡುತ್ತಿದ್ದಳು. "ತಿನ್ನು. ಈಗ ಕದಿಯೋದೇನೂ ಬ್ಯಾಡ." ಮಗಳು ತುಂಬಿದ ಬಾಯಲ್ಲೇ ನಗುತ್ತಿದ್ದಳು.

ಈಗ ಏಳು ವರ್ಷವಾಯಿತು. ಹುಲಿಗೆಮ್ಮನ ಗಂಡನ ಮನೆ, ತವರುಮನೆ ಎರಡಕ್ಕೂ ಫ್ರಿಜ್ ಬಂದಿದೆ. ಆಡಿನ ಕಾಲು ತಾಗಿ ನನ್ನ ಕಂಠ ಒಡೆದಿದೆ. ಕುಡಿಕೆ ಯಾವಾಗಲೋ ಹೋಯಿತು. ಒಂದಿಷ್ಟು ಉಸುಕಿನ ಜೊತೆ ತವರುಮನೆಯಲ್ಲೇ ಉಳಿದು, ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದೇನೆ. ದಿನಾ ಮುಂಜಾನೆ ತಿಪ್ಪವ್ವ ಬಂದು ಒಂದು ಚೊಂಬು ನೀರು ಹಾಕುತ್ತಾಳೆ. ಬೆನ್ನು ಬಗ್ಗುವುದಿಲ್ಲವಾದ್ದರಿಂದ ಕೆನ್ನೆಯ ಬದಲು ಅಂಗೈ ಇಡುತ್ತಾಳೆ.

ಮೊನ್ನೆ ರಜೆಗೆ ಬಂದ ಮೊಮ್ಮಗಳು ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಅಜ್ಜೀ, ಒಳಗ ಏನೂ ಇಲ್ಲಲ್ಲಾ. ಖಾಲಿ ಗಡಿಗಿಗೆ ಯಾಕ ನೀರು?"

ತಿಪ್ಪವ್ವ ಚೊಂಬು ಕೆಳಗಿಡಲಿಲ್ಲ.

"ಒಮ್ಮೆ ಹಾಕೋದು ಬಿಟ್ಟಿದ್ನೆವ್ವಾ" ಎಂದಳು.

ಹುಡುಗಿಗೆ ಅರ್ಥವಾಗಲಿಲ್ಲ. ಅವಳು ಬಗ್ಗಿ, ಒಮ್ಮೆ ಅವಳ ತಾಯಿ ಇಟ್ಟ ಜಾಗದಲ್ಲೇ, ನನ್ನ ಮೈಗೆ ಕೆನ್ನೆಯಿಟ್ಟು ನೋಡಿದಳು. ನಾನು ನನ್ನ ಕೈಲಾದಷ್ಟು ಬೆವರಿದೆ.