ಗಂಡನ ಬಟ್ಟಲಿಗೆ ಐದು ಗುಂಡಿ

ಭಾನುವಾರ ಮಧ್ಯಾಹ್ನ ಟೈಲರಮ್ಮನ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿದೆ ಎಂದರೆ ಒಳಗೆ ಕೊಲೆ ನಡೆಯುತ್ತಿದೆ ಎಂದು ಬೀದಿಯವರಿಗೆಲ್ಲ ಗೊತ್ತು. ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಟಿ.ವಿ. ಇಟ್ಟು, ಐದು ಜನ ಕೂತು ಹಳೆಯ ಪತ್ತೇದಾರಿ ಧಾರಾವಾಹಿಯ ಒಂದು ಕಂತು ನೋಡುತ್ತಾರೆ. ಕಪ್ಪು ಬಿಳುಪಿನ ಕಾಲದ್ದು. ಅದರ ಇನ್‌ಸ್ಪೆಕ್ಟರು ಓಡುವವನಲ್ಲ, ಗುಂಡು ಹಾರಿಸುವವನಲ್ಲ. ಅಪರಾಧಿ ಯಾರೆಂದು ಹೊಳೆದ ಕೂಡಲೇ ಕೈಗಡಿಯಾರಕ್ಕೆ ಕೀ ಕೊಡುತ್ತಾನೆ, ಅಷ್ಟೆ. ಅವನ ಬೆರಳು ಗಡಿಯಾರದ ಕಡೆ ಹೋಯಿತೋ ಇಲ್ಲವೋ, "ನಿಲ್ಸಿ!" ಎಂದು ಎಲ್ಲರೂ ಕೂಗಬೇಕು. ರಿಮೋಟ್ ಒತ್ತುವ ಅಧಿಕಾರ ಮಾತ್ರ ಬ್ರೇಕ್ ಮಾಮನದ್ದು. ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನಿಗೆ ನಿಲ್ಲಿಸುವುದನ್ನು ಬೇರೆ ಯಾರು ಕಲಿಸಬೇಕು?

ನಿಲ್ಲಿಸಿದ ಮೇಲೆ ಮೇಜಿಗೆ ಬಟ್ಟಲುಗಳು ಬರುತ್ತವೆ, ಅನುಮಾನದವರಿಗೆಲ್ಲ ಒಂದೊಂದು. ಪ್ರತಿಯೊಬ್ಬರೂ ತಮಗೆ ಅಪರಾಧಿ ಎನಿಸಿದವರ ಬಟ್ಟಲಿಗೆ ಒಂದು ಕಪ್ಪು ಗುಂಡಿ ಹಾಕಿ ಕಾರಣ ಹೇಳಬೇಕು. ಟೈಲರಮ್ಮನಲ್ಲಿ ಗುಂಡಿಗಳಿಗೆ ಬರವೇ? ಎಲ್ಲರ ವಾದ ಮುಗಿದ ಮೇಲೆಯೇ ಕೊನೆಯ ದೃಶ್ಯ. ಡಿಸ್ಕು ಬ್ರೇಕ್ ಮಾಮನ ಮನೆಯ ಬೀರುವಿನಲ್ಲಿರುತ್ತದೆ. ಒಬ್ಬರೇ ಕದ್ದು ನೋಡುವಂತಿಲ್ಲ.

ಅಂಗಡಿಯ ಮೇಲಿನ ಮಹಡಿಯಲ್ಲೇ ಟೈಲರಮ್ಮನ ಅಕ್ಕ, ಭಾವನ ಮನೆ. ಅವಳ ಊಟ, ನಿದ್ದೆ ಎಲ್ಲ ಅಲ್ಲೇ. ಅಮ್ಮ ತೀರಿಕೊಂಡಾಗ ಅವಳಿನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕ. ಈಗ ತಲೆಗೂದಲು ನರೆತರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಅಕ್ಕನಿಗೆ ಒಂದೇ ದೌರ್ಬಲ್ಯ, ಕಾಯಿಲೆಯ ಹೆಸರು ಕೇಳಿದರೆ ಅದು ಅವಳಿಗೆ ಬಂದುಬಿಡುತ್ತಿತ್ತು. ಪಕ್ಕದ ಮನೆಯವಳ ಕಾಲು ಮುರಿದಾಗ ವಾರವೆಲ್ಲ ಅಕ್ಕನೂ ಕುಂಟಿದ್ದಳು. ಭಾವನದ್ದು ಎದುರು ಸಾಲಿನಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ. ಗಾಜು ಕತ್ತರಿಸುವುದರಲ್ಲಿ ಎತ್ತಿದ ಕೈ, ಕೊಲೆಗಾರನನ್ನು ಹಿಡಿಯುವುದರಲ್ಲಿ ಶುದ್ಧ ದಡ್ಡ. ಇಷ್ಟು ವರ್ಷಗಳಲ್ಲಿ ಅವನ ಗುಂಡಿ ಒಮ್ಮೆಯಾದರೂ ಸರಿಯಾದ ಬಟ್ಟಲಿಗೆ ಬಿದ್ದದ್ದಿಲ್ಲ. "ಭಾವ ಯಾರ ಮೇಲೆ ಬೆರಳು ತೋರಿಸ್ತಾರೋ ಅವರನ್ನ ಬಿಟ್ಟುಬಿಡಿ, ನಿರಪರಾಧಿ" ಎಂದು ಐದನೆಯವರಾದ ಗಣಿತದ ಟೀಚರ್ ಕಾಲೆಳೆಯುತ್ತಿದ್ದರು.

ಆ ಭಾನುವಾರದ ಕಂತಿನಲ್ಲಿ ಒಬ್ಬ ಹೆಂಡತಿ ದಿನದಿಂದ ದಿನಕ್ಕೆ ಸೊರಗುತ್ತಿದ್ದಳು. ಗಂಡ ಪ್ರತಿ ಬೆಳಗ್ಗೆ ತಾನೇ ಮಾತ್ರೆ ಕೊಡುತ್ತಿದ್ದ. ಇನ್‌ಸ್ಪೆಕ್ಟರು ಯಾರಿಗೂ ತಿಳಿಯದಂತೆ ಶೀಶೆಯ ಮಾತ್ರೆಗಳನ್ನು ತೆಗೆದು ಸಕ್ಕರೆಯ ಮಾತ್ರೆ ತುಂಬಿಟ್ಟ. ಹೆಂಡತಿಯ ಮುಖಕ್ಕೆ ಕಳೆ ಬಂತು. ಇನ್‌ಸ್ಪೆಕ್ಟರ ಬೆರಳು ಗಡಿಯಾರಕ್ಕೆ ಹೋಯಿತು.

"ನಿಲ್ಸಿ!"

ಯಾವತ್ತೂ ತಲೆ ಕೆರೆದುಕೊಂಡು ಕೂರುವ ಭಾವ ಅಂದು ಎಲ್ಲರಿಗಿಂತ ಮೊದಲು ಗುಂಡಿ ತೆಗೆದುಕೊಂಡ.

"ಗಂಡನೇ. ಇದರಲ್ಲಿ ಯೋಚ್ನೆ ಮಾಡೋದೇನಿದೆ?" ಎಂದ. "ಶೀಶೆ ಮೇಲಿನ ಚೀಟಿ ಕಿತ್ತುಬಿಟ್ರೆ ಒಳಗೇನಿದೆ ಅಂತ ಯಾರು ಕೇಳ್ತಾರೆ? ಅರ್ಧ ಅರ್ಧ ಮಾಡಿ ಕೊಟ್ರೆ ಮಾತ್ರೆ ಗುರುತೂ ಸಿಗಲ್ಲ. ಹೆಂಡ್ತಿ ಅಂತೂ ನೋಡೋದೇ ಇಲ್ಲ. ಗಂಡ ಕೊಟ್ಟಿದ್ದು ತಾನೆ ಅಂತ ಕಣ್ಮುಚ್ಚಿ ನುಂಗ್ತಾಳೆ."

"ಅಬ್ಬಾ, ಅನುಭವದ ಮಾತು!" ಎಂದು ಬ್ರೇಕ್ ಮಾಮ ನಕ್ಕ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಟೈಲರಮ್ಮ ಮಾತ್ರ ತಲೆ ಎತ್ತಿ ಭಾವನನ್ನು ನೋಡಿದಳು. ಏಕೆಂದರೆ ಮೇಲಿನ ಮನೆಯ ಅಡುಗೆ ಕಪಾಟಿನಲ್ಲಿ ಅಂಥದೇ ಒಂದು ಶೀಶೆ ಇತ್ತು. ಅದರ ಚೀಟಿಯನ್ನು ಯಾರೋ ಬ್ಲೇಡಿನಿಂದ ಕೆರೆದು ತೆಗೆದಿದ್ದರು. ಒಳಗೆ ಬಿಳಿ ಮಾತ್ರೆಗಳ ಅರ್ಧ ತುಂಡುಗಳು, ಗಾಜು ಕೊಯ್ದಷ್ಟು ನೇರವಾಗಿ ಕತ್ತರಿಸಿದವು. "ಶಕ್ತಿ ಮಾತ್ರೆ" ಎಂದು ಭಾವ ಪ್ರತಿ ಬೆಳಗ್ಗೆ ಅಕ್ಕನ ಅಂಗೈಗೆ ಒಂದೊಂದು ಹಾಕುತ್ತಿದ್ದ. ಅದು ಶುರುವಾದ ಮೇಲೆಯೇ ಅಕ್ಕನ ಕೈ ತಣ್ಣಗಾಗಿದ್ದು, ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತು ಸುಧಾರಿಸಿಕೊಳ್ಳುವಂತಾಗಿದ್ದು.

ಐದು ಗುಂಡಿಗಳೂ ಗಂಡನ ಬಟ್ಟಲಿಗೇ ಬಿದ್ದವು. ಕೊನೆಯ ಗುಂಡಿ ಹಾಕಲು ಎದ್ದ ಅಕ್ಕ ತಲೆ ಸುತ್ತಿ ಮೇಜು ಹಿಡಿದುಕೊಂಡಳು. ಭಾವ ಓಡಿಬಂದು ಅವಳ ತೋಳು ಹಿಡಿದ. ಕಂತು ಅಲ್ಲಿಗೇ ನಿಂತಿತು; ಬ್ರೇಕ್ ಮಾಮ ಡಿಸ್ಕು ತೆಗೆದು ಜೇಬಿಗೆ ಹಾಕಿಕೊಂಡು, "ಕೊನೇ ಸೀನು ಮುಂದಿನ ವಾರ. ಐದಕ್ಕೆ ಐದೂ ಒಂದೇ ಕಡೆ ಬಿದ್ದಿರೋವಾಗ ನೋಡೋಕೇನು ಉಳಿದಿದೆ?" ಎಂದು ಹೊರಟ.

ಅನುಮಾನ ಒಮ್ಮೆ ಹೊಕ್ಕರೆ ಮನೆಯ ಪಾತ್ರೆ ಪಗಡವೂ ಸಾಕ್ಷಿ ನುಡಿಯತೊಡಗುತ್ತದೆ. ಭಾವ ಬೆನ್ನು ತಿರುಗಿಸಿ ಶೀಶೆ ತೆರೆಯುವುದೇಕೆ? ಅಕ್ಕ ನುಂಗಿ ನೀರು ಕುಡಿಯುವ ತನಕ ಅವಳ ಗಂಟಲನ್ನೇ ನೋಡುತ್ತ ನಿಲ್ಲುವುದೇಕೆ? ಮರುದಿನ ಟೈಲರಮ್ಮ ಫ್ರೇಮ್ ಅಂಗಡಿಗೆ ಹೋದಾಗ ಭಾವ ಆ ಕಡೆ ಮುಖ ಮಾಡಿ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ. "ಇಲ್ಲ, ಅವಳಿಗೇನೂ ಗೊತ್ತಿಲ್ಲ. ಗೊತ್ತಾದ್ರೆ ಎಲ್ಲಾ ಕೆಟ್ಟುಹೋಗುತ್ತೆ. ಅರ್ಧಾನೇ ಸಾಕಾ, ಪೂರ್ತಿ ಕೊಡ್ಲಾ?"

ಟೈಲರಮ್ಮ ಬಂದ ಹೆಜ್ಜೆಯಲ್ಲೇ ಹಿಂತಿರುಗಿದಳು. ಯಾರಿಗೆ ಹೇಳುವುದು? ಪೊಲೀಸರಿಗೆ ಹೇಳಿದರೆ ಟಿ.ವಿ. ನೋಡಿ ತಲೆ ಕೆಟ್ಟಿದೆ ಎನ್ನುತ್ತಾರೆ. ಅಕ್ಕನಿಗೆ ಹೇಳಿದರೆ ಅವಳು ನೇರ ಗಂಡನ ಮುಂದೆ ಹೋಗಿ ನಿಂತು ಕೇಳಿಬಿಡುತ್ತಾಳೆ. ಆಮೇಲೆ? ಅಕ್ಕನಿಲ್ಲದ ಮನೆಯನ್ನು ಒಂದು ಗಳಿಗೆ ಕಣ್ಣೆದುರು ತಂದುಕೊಂಡಳು. ಇನ್‌ಸ್ಪೆಕ್ಟರು ಮಾಡಿದ್ದನ್ನೇ ಮಾಡುವುದೆಂದು ನಿರ್ಧರಿಸಿದಳು.

ಔಷಧಿ ಅಂಗಡಿಯಿಂದ ಎಲುಬಿನ ಬಲಕ್ಕೆಂದು ಕೊಡುವ ಬಿಳಿ ಮಾತ್ರೆಗಳನ್ನು ತಂದಳು. ನೂಲು ಕತ್ತರಿಸುವ ಕತ್ತರಿಯಿಂದ ಅರ್ಧ ಮಾಡಿದಳು. ಅಕ್ಕ ಸ್ನಾನಕ್ಕೆ ಹೋದಾಗ ಶೀಶೆಯಲ್ಲಿದ್ದವನ್ನು ಸುರಿದು ಇವನ್ನು ತುಂಬಿದಳು. ಹಳೆಯವನ್ನು ಬಟ್ಟೆ ಚೂರಿನಲ್ಲಿ ಗಂಟು ಕಟ್ಟಿ ತನ್ನ ಕೈಚೀಲದ ತಳಕ್ಕೆ ಸೇರಿಸಿದಳು. ಮುಂದೆ ಸಾಕ್ಷಿ ಬೇಕಾಗುತ್ತದಲ್ಲ!

ಮರುದಿನ ಬೆಳಗ್ಗೆ ಭಾವ ಶೀಶೆ ಬಗ್ಗಿಸಿ, ಅಂಗೈಯ ತುಂಡನ್ನು ಬೆಳಕಿಗೆ ಹಿಡಿದು ನೋಡಿದ. ಟೈಲರಮ್ಮನ ಕತ್ತರಿ ಭಾವನ ಬ್ಲೇಡಿನಷ್ಟು ನೇರವಾಗಿ ಕೊಯ್ದಿರಲಿಲ್ಲ, ಅಂಚು ಮುಕ್ಕಾಗಿತ್ತು.

"ಬ್ಲೇಡು ಮೊಂಡಾಗಿದೆ" ಎಂದು ತನ್ನಷ್ಟಕ್ಕೆ ಗೊಣಗಿ ಭಾವ ಅದನ್ನು ಅಕ್ಕನಿಗೆ ಕೊಟ್ಟ. ಆಮೇಲೆ ಬ್ಲೇಡು ಬದಲಾಯಿಸಿದ.

ಅಕ್ಕನಿಗೆ ಗುಣ ಕಾಣಿಸಿತು. ಅದೇ ತಾನೆ ಅನಾಹುತ! ಎರಡೇ ದಿನಕ್ಕೆ ಕೈ ಬೆಚ್ಚಗಾಯಿತು, ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು, ಹಾಡು ಗುನುಗುತ್ತ ಪರದೆಗಳನ್ನೆಲ್ಲ ಒಗೆದು ಹಾಕಿದಳು. "ಪುಟ್ಟಿ, ಮೈಯೆಲ್ಲ ಹಗುರಾಗಿದೆ ಕಣೆ" ಎಂದಳು. ಟೈಲರಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಳು. ಸಂತೋಷಕ್ಕೆ ಸ್ವಲ್ಪ, ಉಳಿದದ್ದು ಭಯಕ್ಕೆ. ಅಲ್ಲಿಯವರೆಗೆ ಅನುಮಾನವಿತ್ತು, ಈಗ ಖಾತ್ರಿಯಾಗಿತ್ತು. ಒಂದೇ ಸೂರಿನ ಕೆಳಗೆ, ಒಂದೇ ಪಾತ್ರೆಯ ಅನ್ನ ಉಣ್ಣುತ್ತ, ಒಬ್ಬ ಕೊಲೆಗಾರನಿದ್ದ. ಅವನು ಬಡಿಸಿದ್ದನ್ನು ಅವಳೀಗ ಮುಟ್ಟುತ್ತಿರಲಿಲ್ಲ.

ಆ ವಾರದ ನಡುವೆ ಒಂದು ಮಧ್ಯಾಹ್ನ ಭಾವ ಅವಳ ಅಂಗಡಿಗೆ ಬಂದ. ಬಂದವನೇ ಷಟರನ್ನು ಅರ್ಧಕ್ಕೆ ಎಳೆದ. ಒಳಗೆ ಕತ್ತಲಾಯಿತು. ಟೈಲರಮ್ಮ ಕೋಟಿನ ಬಟ್ಟೆ ಕತ್ತರಿಸುತ್ತಿದ್ದವಳು ದೊಡ್ಡ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಪುಟ್ಟಿ, ನಿನ್ನ ಹತ್ರ ಒಂದು ಮಾತಾಡ್ಬೇಕು. ಅಕ್ಕನ ವಿಷ್ಯ. ಅವಳಿಗೆ ಗೊತ್ತಾಗೋದು ಬೇಡ."

"ಗಿರಾಕಿ ಬರೋ ಹೊತ್ತು ಭಾವ."

"ಎರಡೇ ನಿಮಿಷ. ನನ್ನೊಬ್ಬನ ಕೈಲಿ ಇನ್ನು ಆಗಲ್ಲ. ನೀನೂ ಕೈ ಜೋಡಿಸ್ಬೇಕು."

ಕೈ ಜೋಡಿಸಬೇಕಂತೆ! "ಷಟರ್ ಎತ್ತಿ ಭಾವ" ಎಂದಳು. "ಮೊದಲು ಷಟರ್ ಎತ್ತಿ."

ಭಾವ ಅವಳ ಮುಖ ನೋಡಿದ, ಕತ್ತರಿ ನೋಡಿದ. "ಇನ್ನೊಂದು ದಿನ ಹೇಳ್ತೀನಿ ಬಿಡು" ಎಂದು ಷಟರ್ ಎತ್ತಿ ಬೀದಿಗಿಳಿದ. ಅವನು ಬಗ್ಗಿ ನಡೆಯುವುದನ್ನು ಅವಳು ಅಂದೇ ಮೊದಲು ಗಮನಿಸಿದಳು. ನಾಟಕ ಎಂದುಕೊಂಡಳು.

ಮತ್ತೆ ಭಾನುವಾರ ಬಂತು. ಬ್ರೇಕ್ ಮಾಮ ಡಿಸ್ಕು ಹಾಕುತ್ತಿದ್ದ, ಟೀಚರ್ ಬಟ್ಟಲು ಜೋಡಿಸುತ್ತಿದ್ದರು. ಅಕ್ಕ ಬಿಸ್ಕತ್ತಿನ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದವಳು, "ಯಾಕೋ ಎದೆ ಒಂದೇ ಸಮ ಓಡ್ತಾ ಇದೆ" ಎಂದಳು. ತಟ್ಟೆ ಬಿತ್ತು. ಆಮೇಲೆ ಅಕ್ಕ ಬಿದ್ದಳು.

ಆಸ್ಪತ್ರೆಯ ಓಣಿಯಲ್ಲಿ ಫಿನಾಯಿಲ್ ವಾಸನೆ. ಬಾಗಿಲಿನ ಗಾಜಿನಾಚೆ ಅಕ್ಕನ ಪಾದಗಳು ಮಾತ್ರ ಕಾಣುತ್ತಿದ್ದವು. ಡಾಕ್ಟರು ಹೊರಗೆ ಬಂದರು.

"ಹೃದಯ ಹತೋಟಿಗೇ ಬರ್ತಿಲ್ಲ. ನಾನು ಕೊಟ್ಟಿದ್ದ ಮಾತ್ರೆ ತಪ್ಪದೆ ಕೊಡ್ತಿದ್ರಾ?"

ನಾನು ಕೊಟ್ಟಿದ್ದ ಮಾತ್ರೆ! ಟೈಲರಮ್ಮ ಕೈಚೀಲವನ್ನು ಎದೆಗೆ ಅವಚಿಕೊಂಡಳು.

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದ ಭಾವ. ಅವನ ಧ್ವನಿ ಒಡೆದಿತ್ತು. "ಹೃದಯದ ಮಾತ್ರೆ ಅಂತ ಗೊತ್ತಾದ್ರೆ ಹೆದರಿಕೊಂಡೇ ಸಾಯ್ತಾಳೆ ಅಂತ ಚೀಟಿ ಕಿತ್ತು, ಶಕ್ತಿ ಮಾತ್ರೆ ಅಂತ ಸುಳ್ಳು ಹೇಳಿ, ನನ್ನ ಕೈಯಾರೆ ನುಂಗಿಸಿದೀನಿ. ನೀವು ಅರ್ಧ ಅಂದ್ರಿ, ಅರ್ಧಾನೇ ಕೊಟ್ಟೆ."

"ತಗೊಳ್ತಾ ಇದ್ದೂ ಹೀಗಾಗಿದೆ ಅಂದ್ರೆ ಆ ಔಷಧಿ ನಾಟ್ತಿಲ್ಲ ಅಂತ ಅರ್ಥ. ಇದಕ್ಕಿಂತ ಜೋರಾದ ಇಂಜೆಕ್ಷನ್ ಕೊಡ್ಬೇಕಾಗುತ್ತೆ. ಅದರಿಂದ ಕೆಲವರಿಗೆ ಹೃದಯ ನಿಂತುಹೋಗೋದೂ ಉಂಟು. ಬೇರೆ ದಾರಿ ಇಲ್ಲ." ಡಾಕ್ಟರು ಒಳಗೆ ಹೋಗಲು ತಿರುಗಿದರು.

ಅವಳು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಯೋಚನೆ ಅವಳಿಗೆ ಬಂದದ್ದು ನಿಜ. ಮುಚ್ಚಿಟ್ಟು ಏನು ಪ್ರಯೋಜನ? ಬೆಂಚಿನ ಮೇಲೆ ಟೀಚರ್, ಬ್ರೇಕ್ ಮಾಮ, ಗೋಡೆಗೆ ಒರಗಿದ ಭಾವ, ಎಲ್ಲರೂ ಟಿ.ವಿ. ನಿಲ್ಲಿಸಿದಾಗ ಕೂರುವ ಹಾಗೆಯೇ ಉಸಿರು ಬಿಗಿಹಿಡಿದಿದ್ದರು. ಡಾಕ್ಟರ ಕೈ ಬಾಗಿಲ ಹಿಡಿಗೆ ಹೋಯಿತು.

"ನಿಲ್ಸಿ!" ಎಂದು ಟೈಲರಮ್ಮ ಕೂಗಿದಳು.

ಕೈಚೀಲದ ತಳದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ನೇರವಾಗಿ ಕೊಯ್ದ ಬಿಳಿ ತುಂಡುಗಳು. "ಅವಳು ಐದಾರು ದಿನದಿಂದ ಒಂದನ್ನೂ ತಗೊಂಡಿಲ್ಲ. ನಾನು ಬದಲಾಯಿಸ್ದೆ. ಶೀಶೇಲಿರೋದು ಎಲುಬಿನ ಮಾತ್ರೆ."

ಡಾಕ್ಟರು ಒಂದು ಕ್ಷಣ ಅವಳನ್ನು ದಿಟ್ಟಿಸಿ, ಗಂಟನ್ನು ಕಿತ್ತುಕೊಂಡು ಒಳಗೆ ಓಡಿದರು. "ಆ ಇಂಜೆಕ್ಷನ್ ಬೇಡ!" ಎಂದು ಅವರು ಹೇಳಿದ್ದು ಹೊರಗೂ ಕೇಳಿಸಿತು.

ಭಾವ ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು. ಅವನು ಗೋಡೆ ಬಿಟ್ಟು ಅವಳತ್ತ ತಿರುಗಿದ.

"ಅವತ್ತು ಗುಂಡಿ ಹಾಕಿದ್ದು ನನಗಾ ಪುಟ್ಟಿ?" ಎಂದು ಕೇಳಿದ.

ಅವಳು ತೆರೆದಿದ್ದ ಕೈಚೀಲದ ಬಾಯಿ ಮುಚ್ಚಿದಳು. ಭಾವ ತಲೆ ಆಡಿಸಿ ಬೆಂಚಿನ ಆ ತುದಿಗೆ ಹೋಗಿ ಕೂತ.

ಅಕ್ಕ ಉಳಿದಳು. ಎರಡು ದಿನ ಕಳೆದ ಮೇಲೆ ಎದ್ದು ಕೂತಳು. ಡಾಕ್ಟರು ಅವಳಿಗೆ ಎಲ್ಲವನ್ನೂ ತಾವೇ ಹೇಳಿದ್ದರು: ಹೃದಯದ ವಿಷಯ, ಕಿತ್ತ ಚೀಟಿಯ ವಿಷಯ, ಬದಲಾದ ಮಾತ್ರೆಯ ವಿಷಯ, ಕೈ ತಣ್ಣಗಾಗಿದ್ದು, ಸುಸ್ತಾಗಿದ್ದು ಹೃದಯದ ಓಟ ತಗ್ಗಿಸುವ ಆ ಮಾತ್ರೆಯಿಂದಲೇ ಎಂಬ ವಿಷಯ. ಕಾಯಿಲೆಯ ಹೆಸರು ಕೇಳಿ ಅವಳು ಹೆದರಲಿಲ್ಲವಂತೆ, ಕಿಟಕಿಯ ಕಡೆ ನೋಡುತ್ತ ಸುಮ್ಮನೆ ಕೇಳಿಸಿಕೊಂಡಳಂತೆ. ಭಾವ, ಟೈಲರಮ್ಮ ಒಳಗೆ ಬಂದಾಗ ನಕ್ಕಳು. ಇಬ್ಬರನ್ನೂ ಪಕ್ಕಕ್ಕೆ ಕರೆದಳು. "ಕೊನೇ ಸೀನು ನನ್ನ ಬಿಟ್ಟು ನೋಡಿಬಿಟ್ರಾ?" ಎಂದು ಕೇಳಿದಳು.

"ಇಲ್ಲ ಅಕ್ಕ."

ನರ್ಸ್ ಚಿಕ್ಕ ಬಟ್ಟಲಿನಲ್ಲಿ ಅರ್ಧ ಮಾತ್ರೆ ತಂದು, ಹತ್ತಿರ ನಿಂತಿದ್ದ ಟೈಲರಮ್ಮನ ಕೈಗೆ ಕೊಟ್ಟು ಪಕ್ಕದ ಮಂಚದ ಕಡೆ ಹೋದಳು. ಟೈಲರಮ್ಮ ಅದನ್ನು ಅಕ್ಕನ ಅಂಗೈಗೆ ಹಾಕಿದಳು. ಭಾವ ನೀರಿನ ಲೋಟ ಹಿಡಿದು ನಿಂತ.

"ಹೃದಯದ್ದು ಅಕ್ಕ. ಸರಿಯಾದದ್ದೇ."

ಅಕ್ಕ ಮಾತ್ರೆಯನ್ನು ನೋಡಿದಳು. ಗಂಡನನ್ನು ನೋಡಿದಳು, ತಂಗಿಯನ್ನು ನೋಡಿದಳು. ಅವಳ ಮುಖದಲ್ಲಿ ಕೋಪವೇನೂ ಇರಲಿಲ್ಲ. ಅಂಗೈ ಹಾಗೆಯೇ ಚಾಚಿಕೊಂಡು ಪಕ್ಕದ ಮಂಚದ ಕಡೆ ತಿರುಗಿದಳು.

"ಸಿಸ್ಟರ್, ಇದು ಯಾವ ಮಾತ್ರೆ ಅಂತ ನೀವೇ ಒಂದ್ಸಲ ನೋಡಿ ಹೇಳ್ತೀರಾ?"

ನರ್ಸ್ ಬಂದು ನೋಡಿ ಹೇಳಿದಳು. ಆಮೇಲೆಯೇ ಅಕ್ಕ ಅದನ್ನು ಬಾಯಿಗೆ ಹಾಕಿಕೊಂಡಳು.