ಜಾವಕ ಸಂಖ್ಯೆ ಹದಿನಾಲ್ಕು

ನನಗೆ ಅನುಮಾನ ಜಾಸ್ತಿ ಅಂತ ಓಣಿಯೆಲ್ಲ ಹೇಳುತ್ತದೆ. ಹೇಳಲಿ. ಎಮ್ಮೆಯನ್ನು ಬಾಗಿಲಿಗೇ ತಂದು ಕಣ್ಣೆದುರಿಗೇ ಹಾಲು ಕರೆದು ಕೊಟ್ಟರೂ ಮೊದಲು ಚೆಂಬು ಬೋರಲು ಹಾಕಿ ನೋಡುವವಳು ನಾನು. ಆದರೆ 2009ರ ಫೆಬ್ರವರಿಯಲ್ಲಿ ನನ್ನನ್ನು ಹಿಡಿದದ್ದು ಬರೀ ಅನುಮಾನವಲ್ಲ, ಭಯ.

ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕಿ. ಅದೇ ಕಚೇರಿಯಲ್ಲಿ ಅಪ್ಪ ಮೂವತ್ತೊಂದು ವರ್ಷ ಜವಾನನಾಗಿದ್ದು ನಿವೃತ್ತನಾಗಿದ್ದ. ಅವನ ಜಾಗಕ್ಕೆ ನಮ್ಮ ಜನದವಳೇ ಆದ ಮಾಳಮ್ಮ ಎಂಬ ವಿಧವೆ ಬಂದಿದ್ದಳು. ಅಪ್ಪ ಫೈಲು ಹೊತ್ತ ಕಚೇರಿಯಲ್ಲಿ ಮಗಳು ಕುರ್ಚಿಯಲ್ಲಿ ಕೂತಿದ್ದಾಳೆ ಅಂತ ನಮ್ಮ ಕೇರಿಯವರಿಗೆಲ್ಲ ಹೆಮ್ಮೆ. ಆ ಕುರ್ಚಿ ಕಾಯಂ ಆಗಲು ಇನ್ನೂ ಎರಡು ತಿಂಗಳಿತ್ತು.

ಒಂದು ಸೋಮವಾರ ಸಾಹೇಬರು ಒಳಗೆ ಕರೆದು ಒಂದು ಹಾಳೆ ತೋರಿಸಿದರು. ತೋರಿಸಿದರು ಅನ್ನುವುದಕ್ಕಿಂತ ಮುಚ್ಚಿಟ್ಟುಕೊಂಡರು ಅನ್ನಬೇಕು. ಅಂಗೈ ಅಡಿಯಿಂದ ಮೇಲಿನ ಎರಡು ಸಾಲಷ್ಟೇ ಕಾಣುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದ ಕನ್ನಡ. ಮೊದಲು ‘ಜಾ. ಸಂ. 14’ ಅಂತ ಜಾವಕ ಸಂಖ್ಯೆ, ಅಂದರೆ ಹೊರಗೆ ಹೋಗುವ ಕಾಗದಕ್ಕೆ ಕಚೇರಿಯವರು ಕೊಡುವ ನಂಬರು. ಅದರ ಕೆಳಗೆ ‘ಮಾನ್ಯರೇ’. ನಂಬರು ಬಳ್ಳಾರಿಯ ಮೇಲಿನ ಕಚೇರಿಯವರು ಹಾಕಿದ್ದಿರಬೇಕು ಅಂದುಕೊಂಡೆ.

ಸಾಹೇಬರ ಮೇಲೆ ಯಾರೋ ಹೆಸರು ಹಾಕದೆ ಬಳ್ಳಾರಿಗೆ ಇ-ಮೇಲ್‌ನಲ್ಲಿ ದೂರು ಕಳಿಸಿದ್ದರಂತೆ. ಅದು ಹೊರಟದ್ದು ನಮ್ಮ ಮನೆಯ ಇಂಟರ್‌ನೆಟ್‌ನಿಂದ ಅಂತ ಎಲ್ಲಿಂದಲೋ ಪತ್ತೆ ಮಾಡಿಸಿದ್ದರು.

“ಎಂಟು ದಿನದಾಗ ಯಾರು ಕಳಿಸ್ಯಾರ ಅಂತ ಬರೆದು ಕೊಡವ್ವ. ಇಲ್ಲಾಂದ್ರ ನಿನ್ನ ಫೈಲಿನ್ಯಾಗ ಬರಿಯೋದು ನಾ ಬರೀತೀನಿ,” ಅಂದರು ಸಾಹೇಬರು, ಮೆಲ್ಲಗೆ.

ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಕಳಿಸಿರಲಿಲ್ಲ. ಅಪ್ಪನಿಗೆ ಈ ವಿಷಯ ಹೇಳಲೂ ಇಲ್ಲ. ವಯಸ್ಸಾದವನ ಜೀವಕ್ಕೆ ಯಾಕೆ ತ್ರಾಸ ಅಂತ. ಅವನ ದಿನ ಅವನದೇ ಲೆಕ್ಕದಲ್ಲಿ ಹೋಗುತ್ತಿತ್ತು. ಹಡಗಲಿಯಲ್ಲಿ ಮೇಷ್ಟ್ರಾಗಿರುವ ನನ್ನ ತಮ್ಮ ಬಿಟ್ಟುಕೊಟ್ಟ ಹಳೆಯ ಮೊಬೈಲಿನಲ್ಲಿ ರೇಡಿಯೊ ಕೇಳುವುದು, ಮತ್ತೆ ತನ್ನ ವಹಿ ಬರೆಯುವುದು. ಕಚೇರಿ ಬಿಟ್ಟರೂ ಕಚೇರಿ ಅವನನ್ನು ಬಿಟ್ಟಿರಲಿಲ್ಲ. ಮನೆಯಿಂದ ಏನೇ ಹೊರಗೆ ಹೋದರೂ ತಾರೀಖು ಹಾಕಿ, ನಂಬರು ಕೊಟ್ಟು ಬರೆಯುತ್ತಿದ್ದ. ಹಡಗಲಿಗೆ ಕಳಿಸಿದ ಸಂಡಿಗೆ ಡಬ್ಬಿಗೂ ಒಂದು ನಂಬರು ಬಿದ್ದಿತ್ತು.

ಅವತ್ತು ಸಂಜೆ ಮೋಡೆಮ್ ಮುಂದೆ ಕೂತೆ. ಆರು ತಿಂಗಳ ಹಿಂದೆ ಅದನ್ನು ಕೂಡಿಸಿ ಹೋದವನು ವೈಫೈಗೆ ಪಾಸ್‌ವರ್ಡನ್ನೇ ಇಟ್ಟಿರಲಿಲ್ಲ. ತಂತಿಯಿಲ್ಲದ ನೆಟ್ ಗೋಡೆ ದಾಟಿ ಓಣಿಗೂ ಹೋಗುತ್ತದೆ ಅನ್ನುವುದು ನನಗೂ ಹೊಳೆದಿರಲಿಲ್ಲ. ಚೆಂಬು ಬೋರಲು ಹಾಕಿ ನೋಡುವವಳು ಮನೆಯ ಬಾಗಿಲನ್ನೇ ಹಾರುಹೊಡೆದು ಮಲಗಿದ್ದೆ.

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಹಿಂದೊಮ್ಮೆ ಕೊಂಡಿದ್ದ ಕಂಪ್ಯೂಟರ್ ಪತ್ರಿಕೆಯ ಜೊತೆ, ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಸಿ.ಡಿ. ಬಂದಿತ್ತು; ನೆಟ್‌ಗೆ ಯಾರು ಯಾರು ಸೇರುತ್ತಾರೆ ಅಂತ ಅದರಲ್ಲಿ ನೋಡಬಹುದು ಅಂತ ಪತ್ರಿಕೆಯಲ್ಲಿತ್ತು. ಅದನ್ನು ಹಾಕಿ ಲ್ಯಾಪ್‌ಟಾಪ್ ಚಾಲೂ ಮಾಡಿದರೆ ಕಿಟಕಿಯೂ ಇಲ್ಲ, ಚಿತ್ರವೂ ಇಲ್ಲ; ಕಪ್ಪು ಪರದೆ, ಮಿಣುಕುವ ಒಂದು ಗೆರೆ. ಪತ್ರಿಕೆಯ ಪುಟ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಕುಟ್ಟಿದೆ. ಎರಡು ದಿನ ಬರೀ ತಪ್ಪು ತಪ್ಪು ಅಂತಲೇ ಉತ್ತರ ಬಂತು. ಸಿಟ್ಟಿಗೆ ಸಿ.ಡಿ.ಯನ್ನು ಹಿತ್ತಲಿಗೆ ಎಸೆದು, ನಾನೇ ಹೋಗಿ ಆರಿಸಿಕೊಂಡು ಬಂದೆ.

ಮೊದಲು ಮೋಡೆಮ್‌ನಲ್ಲಿದ್ದ ಹಳೆಯ ನಮೂನೆಯ ಬೀಗ ಹಾಕಿ, ಪತ್ರಿಕೆ ಹೇಳಿದಂತೆ ನಾನೇ ನನ್ನ ಬೀಗ ಮುರಿಯಲು ನೋಡಿದೆ. ಒಲೆ ಮೇಲಿನ ಅನ್ನ ಬೇಯುವುದರೊಳಗೆ ಅದು ಬಿಚ್ಚಿಕೊಂಡಿತು. ಏನೂ ಬಾರದ ನನ್ನ ಕೈಗೇ ಬಿಚ್ಚಿಕೊಂಡರೆ ಬಲ್ಲವರ ಕೈಯಲ್ಲಿ ಏನಾಗಬೇಡ? ಹೊಸ ನಮೂನೆಯ ಬೀಗಕ್ಕೆ ಬದಲಾಯಿಸಿ, ಉದ್ದನೆಯ ಪಾಸ್‌ವರ್ಡ್ ಇಟ್ಟೆ. ಯಾರಿಗೂ ಹೇಳಲಿಲ್ಲ. ಮರೆತೀನು ಅಂತ ಅಪ್ಪನ ವಹಿಯ ಕೊನೆಯ ಪುಟದಲ್ಲಿ ಬರೆಸಿದೆ, ಅಷ್ಟೆ.

ನೆಟ್‌ಗೆ ಯಾವ ಯಂತ್ರ ಸೇರಿದರೂ ಅದರ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಲಿನಕ್ಸ್‌ನಲ್ಲಿ ಕಾಣುತ್ತದೆ. ಗುರುವಾರ ಲ್ಯಾಪ್‌ಟಾಪನ್ನು ಕಾವಲಿಗೆ ಬಿಟ್ಟು ಕಚೇರಿಗೆ ಹೋದೆ. ಸಂಜೆ ಬಂದು ನೋಡಿದೆ. ಹನ್ನೊಂದು ಗಂಟೆಗೆ ಯಾವುದೋ ಯಂತ್ರ ಸೇರಿ ಅರ್ಧ ತಾಸು ಇದ್ದು ಹೋಗಿತ್ತು. ಅದರ ಗುರುತಿನ ಕೊನೆ 7ಸಿ. ಇಷ್ಟು ಗಟ್ಟಿ ಬೀಗ ಹಾಕಿದ ಮೇಲೂ!

ಓಣಿಯಲ್ಲಿ ಇಂಥ ಕೈಚಳಕ ಇದ್ದವನು ಒಬ್ಬನೇ. ಎದುರುಮನೆಯ ಗಾದೆಪ್ಪ, ತಂಬ್ರಹಳ್ಳಿಯವನು, ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಮಾಳಿಗೆ ಮೇಲೆ ನಿಂತು ಹಲ್ಲುಜ್ಜುತ್ತ ನಮ್ಮ ಮನೆ ಕಡೆಗೇ ನೋಡುತ್ತಿದ್ದ. ಅಂಗಡಿ ತೆಗೆಯುತ್ತಿದ್ದುದು ಹನ್ನೆರಡಕ್ಕೆ. ಇನ್ನೇನು ಬೇಕು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಆಮೇಲೆ ಅವನು ಕೆಮ್ಮಿದರೂ ನನಗೆ ಸಂಜ್ಞೆಯೇ. ಅವನ ಹೆಂಡತಿ ಅಂಜಿನಕ್ಕ ಹೆಪ್ಪು ಕೇಳಲು ಬಂದಾಗ, ನಿಮ್ಮ ಮನೆಯವರಿಗೆ ಕೇಳದೇ ತಗೊಳ್ಳೋ ರೂಢಿ ಐತಲ್ಲ, ನೀವ್ಯಾಕೆ ಕೇಳ್ತೀರಿ ಅಂದುಬಿಟ್ಟೆ. ಆಕೆ ಖಾಲಿ ಬಟ್ಟಲು ಹಿಡಿದುಕೊಂಡು ವಾಪಸು ಹೋದಳು. ನಾನು ಒಳಗೆ ಕೂತು ಸಾಹೇಬರಿಗೆ ಕೊಡುವ ವಿವರಣೆ ಬರೆದಿಟ್ಟೆ, ಗಾದೆಪ್ಪನ ಹೆಸರು, ಅವನ ಅಂಗಡಿಯ ವಿಳಾಸ ಸಮೇತ.

ಸಹಿ ಮಾಡುವ ಮೊದಲು ಕಳ್ಳನನ್ನು ಕಣ್ಣಾರೆ ನೋಡಬೇಕಿತ್ತು. ಶನಿವಾರ ರಜೆ ಹಾಕಿ ಮಾಳಿಗೆ ಹತ್ತಿದೆ. ಹನ್ನೊಂದಾಗಿ ಐದು ನಿಮಿಷಕ್ಕೆ 7ಸಿ ಬಂತು. ಅದರ ಪಕ್ಕದಲ್ಲಿ ಮೈನಸ್ ಎಪ್ಪತ್ತೆಂಟು ಅಂತಿತ್ತು; ಆ ಅಂಕಿ ಇಳಿದಷ್ಟೂ ಯಂತ್ರ ಹತ್ತಿರ ಇದೆ ಅಂತ ಅರ್ಥ. ಲ್ಯಾಪ್‌ಟಾಪ್ ಎತ್ತಿಕೊಂಡು ಗಾದೆಪ್ಪನ ಮನೆ ಕಡೆಯ ಅಂಚಿಗೆ ಹೋದೆ. ಎಂಬತ್ತಮೂರಾಯಿತು. ತಪ್ಪಿರಬೇಕು ಅಂತ ಮತ್ತೆ ನೋಡಿದೆ. ಎಂಬತ್ತನಾಲ್ಕು.

ಮೆಟ್ಟಿಲ ಹತ್ತಿರ ಬಂದರೆ ಅರವತ್ತೈದು. ಕೆಳಗಿಳಿದು ನಡುಮನೆಗೆ ಬಂದರೆ ಐವತ್ತು. ಅಡುಗೆಮನೆ ದಾಟಿದರೆ ನಲವತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹಿತ್ತಲ ಬಾಗಿಲಲ್ಲಿ ಅದು ಮೂವತ್ತಕ್ಕಿಳಿಯಿತು.

ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಅಪ್ಪ ಕೂತಿದ್ದ. ಕನ್ನಡಕ ಮೂಗಿನ ತುದಿಗಿಳಿದಿತ್ತು. ಹೆಬ್ಬೆರಳಿನಿಂದ ತಮ್ಮನ ಹಳೆಯ ಮೊಬೈಲಿನ ಗುಂಡಿ ಒಂದೊಂದಾಗಿ ಒತ್ತುತ್ತಿದ್ದ. ಪಕ್ಕದಲ್ಲಿ ವಹಿ ತೆರೆದಿತ್ತು.

ನಾನು ವಹಿ ಎತ್ತಿಕೊಂಡೆ. ಹನ್ನೆರಡು, ಹಡಗಲಿಗೆ ಸಂಡಿಗೆ ಡಬ್ಬಿ. ಹದಿಮೂರು, ನಮ್ಮ ಓಣಿಯ ಕರೆಂಟ್ ಕಂಬ ವಾಲಿದ್ದಕ್ಕೆ ಅರ್ಜಿ. ಹದಿನಾಲ್ಕು, ‘ಬಳ್ಳಾರಿ ಮೇಲಧಿಕಾರಿಗಳಿಗೆ, ಮಾಳಮ್ಮನ ಲೋಟದ ಬಗ್ಗೆ.’ ಎಲ್ಲ ಸಾಲಿನಲ್ಲೂ ಕಳಿಸಿದವರ ಹೆಸರಿತ್ತು. ಹದಿನಾಲ್ಕರ ಮುಂದೆ ಮಾತ್ರ ಖಾಲಿ. ಕೆಳಗೆ ಅವತ್ತಿನ ತಾರೀಖಿಗೆ ಹದಿನೈದು: ‘ಮೊದಲನೇ ನೆನಪೋಲೆ.’ ಮೂವತ್ತು ದಿನವಾದರೂ ಉತ್ತರ ಬರಲಿಲ್ಲ ಅಂತ, ಕಚೇರಿಯ ಕ್ರಮದ ಪ್ರಕಾರ ಜ್ಞಾಪಿಸಲು ಕೂತಿದ್ದ.

“ಹೆಸರು ಹಾಕದ ಕಾಗದಕ್ಕೂ ನಂಬರ್ ಹಾಕಿ ಕಳಿಸಿಯಲ್ಲಪ್ಪ,” ಅಂದೆ.

“ನಂಬರ್ ಇಲ್ಲದ ಕಾಗದ ಯಾವ ಕಚೇರ್ಯಾಗ ನಿಲ್ಲತೈತವ್ವ? ಹೆಸರು ಹಾಕಿದ್ರ ನಿನಗ ತ್ರಾಸ ಆಗತೈತಿ ಅಂತ ಅಷ್ಟು ಬಿಟ್ಟೆ.”

ಆ ಮೊಬೈಲನ್ನು ನೆಟ್‌ಗೆ ಸೇರಿಸಿ ಮೇಲ್ ಕಳಿಸುವುದನ್ನು ತಮ್ಮ ದೀಪಾವಳಿಗೆ ಬಂದಾಗ ಕಲಿಸಿಕೊಟ್ಟಿದ್ದನಂತೆ; ಹೊಸ ಪಾಸ್‌ವರ್ಡ್ ಹೇಗೂ ಅವನ ವಹಿಯಲ್ಲೇ ಇತ್ತು, ಗುರುವಾರ ಉತ್ತರ ಬಂತೇನೋ ಅಂತ ನೋಡಿದವನೂ ಅವನೇ. ಸೋಮವಾರದಿಂದ ನಡೆದದ್ದನ್ನೆಲ್ಲ ಹೇಳಿದೆ. ಅವನ ಮುಖ ಸಣ್ಣದಾಯಿತು. ತಾನೇ ಬಂದು ಸಾಹೇಬರ ಮುಂದೆ ಒಪ್ಪಿಕೊಳ್ಳುತ್ತೇನೆ ಅಂದ. ನನಗೆ ಸಿಟ್ಟು ನೆತ್ತಿಗೇರಿತ್ತು. ಒಂದು ಲೋಟದ ಸಲುವಾಗಿ ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ ಅಂದೆ.

ಅಪ್ಪ ಮೊಬೈಲನ್ನು ಹೊರಸಿನ ಮೇಲಿಟ್ಟ.

“ಕಿಟಿಕ್ಯಾಗಿನ ಗಾಜಿನ ಲೋಟ ನಂದು. ಮೂವತ್ತೊಂದು ವರ್ಷ ನಾನೇ ತೊಳಕೊಂಡು ಕುಡದೀನಿ, ತುಟಿ ಬಿಚ್ಚಲಿಲ್ಲ. ನಾ ಹೋದ ಮ್ಯಾಲೆ ಒಡದು ಹಾಕ್ಯಾರು ಅನ್ಕಂಡಿದ್ದೆ. ಅದನ್ನ ಮಾಳಮ್ಮಗ ಕೊಟ್ಟಾರ.” ವಹಿಯನ್ನು ನನ್ನ ಕೈಯಿಂದ ಇಸಿದುಕೊಂಡು ಅಂದ, “ನೀ ದಿನಾ ನೋಡ್ತಿದ್ದಿ. ನೀ ಬರೀತಿ ಅಂತ ಒಂದು ವರ್ಷ ಕಾದೆ.”

ನೋಡಿದ್ದೆ. ದಿನಾ ಹನ್ನೊಂದಕ್ಕೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಬರುತ್ತಿತ್ತು. ಗುಮಾಸ್ತೆ ಅಂತ ನನಗೂ. ಮಾಳಮ್ಮ ಎಲ್ಲರಿಗೂ ಕೊಟ್ಟು, ಕಿಟಕಿಯಿಂದ ಆ ಗಾಜಿನ ಲೋಟ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದಳು. ನನಗೆ ಸ್ಟೀಲ್ ಲೋಟ ಸಿಕ್ಕಿತಲ್ಲ ಅಂತ ನಾನು ಸುಮ್ಮನಿದ್ದೆ. ಊರಿನ ಮೇಲೆಲ್ಲ ಅನುಮಾನಪಡುವ ನನಗೆ ಆ ಲೋಟದ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ. ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ.

ಒಂದು ಸುಲಭದ ದಾರಿ ಇತ್ತು. ಆಗ ನೆಟ್‌ಗೆ ಬೀಗ ಇರಲಿಲ್ಲ, ಓಣಿಯವರು ಯಾರು ಬೇಕಾದರೂ ಬಳಸಬಹುದಿತ್ತು ಅಂತ ಬರೆದರೆ ಸುಳ್ಳೂ ಆಗುತ್ತಿರಲಿಲ್ಲ. ನಂಬುತ್ತಿದ್ದರು. ಬರೆದಿಟ್ಟ ವಿವರಣೆಯನ್ನು ಹರಿದು ಒಲೆಗೆ ಹಾಕಿದೆ. ಗಾದೆಪ್ಪನ ಹೆಸರು ಸುಡುವವರೆಗೂ ಅಲ್ಲೇ ನಿಂತಿದ್ದೆ. ಅಂಜಿನಕ್ಕನ ಮನೆಗೆ ಹೆಪ್ಪು ಹಿಡಿದುಕೊಂಡು ಹೋಗಲು ಆಮೇಲೆ ಹತ್ತು ದಿನ ಬೇಕಾಯಿತು. ಆಕೆ ಬಟ್ಟಲು ಇಸಿದುಕೊಂಡಳು, ಒಳಗೆ ಕರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸದಾಗಿ ನಾಲ್ಕು ಸಾಲು ಬರೆದೆ. ದೂರು ಹೋದದ್ದು ನಮ್ಮ ಮನೆಯಿಂದಲೇ. ಲೋಟದ ಬಗ್ಗೆ ಅದರಲ್ಲಿರುವುದು ನಿಜ. ಒಂದು ವರ್ಷ ನಾನೇ ಕಣ್ಣಾರೆ ನೋಡಿದ್ದೇನೆ. ಯಾರು ಕೇಳಿದರೂ, ಎಲ್ಲಿ ಕೇಳಿದರೂ ಹೇಳುತ್ತೇನೆ. ಒಂದು ಪ್ರತಿ ಸಾಹೇಬರಿಗೆ, ಒಂದು ಬಳ್ಳಾರಿಗೆ.

ಅಪ್ಪ ಆಗಲೇ ವಹಿ ಬಿಚ್ಚಿ ಗೆರೆ ಎಳೆದು ಕೂತಿದ್ದ. ಹಾಳೆ ಇಸಿದುಕೊಂಡು, ಮೇಲ್ಗಡೆ ತನ್ನ ಕೈಯಾರೆ ‘ಜಾ. ಸಂ. 16’ ಅಂತ ಬರೆದ.

“ಸಹಿ ಮಾಡೀಯೇನು?” ಅಂತ ಕೇಳಿದ.

“ಮಾಡೀನಿ.”

ಅವನು ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿ ಖಾತ್ರಿ ಮಾಡಿಕೊಂಡ. ಆಮೇಲೆ ವಹಿಯಲ್ಲಿ ಕಳಿಸಿದವರು ಅನ್ನುವ ಕಡೆ ನನ್ನ ಹೆಸರು ಸಂಘಮಿತ್ರಾ ಅಂತ ಪೂರ್ತಿ ಬರೆದ.